ಶಬೇ ಬರಾತ್ ಮುಗಿಯಿತೇ? ರಂಜಾನ್ ತಯಾರಿ ಶುರು ಮಾಡಿ

ಶಬೇ ಬರಾತ್, ಅಂದರೆ ರಂಜಾನ್‌ಗೆ ಎರಡು ವಾರ ಮೊದಲು ಬರುವ ಪ್ರಾರ್ಥನೆಯ ರಾತ್ರಿ, ಮುಗಿದ ಮರುದಿನ ನಮ್ಮಮ್ಮ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚುತ್ತಿದ್ದರು. ರಂಜಾನ್‌ಗೆ ಇನ್ನು ಹದಿನಾಲ್ಕೋ ಹದಿನೈದೋ ದಿನ. ಅವತ್ತಿನಿಂದಲೇ ಮನೆಯಲ್ಲಿ ಸಂಜೆಯ ಎರಡನೇ ಚಹಾ ಬಂದ್. ನಾವು ಮಕ್ಕಳೆಲ್ಲ ಗೊಣಗುತ್ತಿದ್ದೆವು. ಆ ಚಹಾ ಯಾಕೆ ನಿಲ್ಲಿಸುತ್ತಿದ್ದರು ಅಂತ ನನಗೆ ತಿಳಿದದ್ದು ನಾನೇ ಒಂದು ಮನೆ ನಡೆಸಲು ಶುರು ಮಾಡಿದ ಮೇಲೆ.

ರಂಜಾನ್ ಹಿಜರಿ, ಅಂದರೆ ಚಂದ್ರನನ್ನು ನೋಡಿ ಎಣಿಸುವ ಇಸ್ಲಾಮಿ ಪಂಚಾಂಗದ, ಒಂಬತ್ತನೇ ತಿಂಗಳು. 29 ಅಥವಾ 30 ದಿನ, ನಸುಕಿನ ಫಜ್ರ್‌ನಿಂದ ಸೂರ್ಯ ಮುಳುಗುವವರೆಗೆ ಊಟವಿಲ್ಲ, ಒಂದು ಗುಟುಕು ನೀರೂ ಇಲ್ಲ. ಚಂದ್ರನ ವರ್ಷ ಸುಮಾರು 354 ದಿನದ್ದು. ಹಾಗಾಗಿ ಪ್ರತಿ ವರ್ಷ 10–11 ದಿನ ಮುಂಚೆ ಬರುತ್ತದೆ. 2025ರಲ್ಲಿ ನಮ್ಮಲ್ಲಿ ಮೊದಲ ರೋಜಾ (ಉಪವಾಸ) ಮಾರ್ಚ್ 2ಕ್ಕೆ ಇತ್ತು. ಹೀಗೇ ಹಿಂದೆ ಸರಿಯುತ್ತಾ 2030ರಲ್ಲಿ ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು, ಒಂದೇ ವರ್ಷದಲ್ಲಿ ಎರಡು ರಂಜಾನ್ ಬರುತ್ತದೆ.

ಈ ತಿಂಗಳು ಕುರಾನ್‌ಗೆ, ನಮಾಜಿಗೆ, ಬಡವರ ಕಡೆ ತಿರುಗಿ ನೋಡುವುದಕ್ಕೆ ಸೇರಿದ್ದು. ಆದರೆ ಎಷ್ಟೋ ಮನೆಗಳಲ್ಲಿ, ಮುಖ್ಯವಾಗಿ ಹೆಂಗಸರ ಪಾಲಿಗೆ, ಅದು ಒಲೆಯ ಮುಂದೆಯೇ ಕಳೆದುಹೋಗುತ್ತದೆ. ಹೊಟ್ಟೆಗೆ ಸಂಬಂಧಿಸಿದ ಕೆಲಸವನ್ನು ಮೊದಲೇ ಮುಗಿಸಿಟ್ಟರೆ ಮನಸ್ಸಿಗೆ ಬಿಡುವು ಸಿಗುತ್ತದೆ. ಕೆಳಗೆ ಬರೆದಿರುವುದೆಲ್ಲ ಅದಕ್ಕಾಗಿಯೇ.

ಮೊದಲು ದೇಹ, ಆಮೇಲೆ ಡಬ್ಬಿಗಳು

ಮೊದಲ ಮೂರು ರೋಜಾಗಳಲ್ಲಿ ಹಸಿವಿಗಿಂತ ಜಾಸ್ತಿ ಕಾಡುವುದು ತಲೆನೋವು. ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ತಲೆ ಸಿಡಿಯದೆ ಇರುತ್ತದೆಯೇ? ಹದಿನೈದು ದಿನ ಮೊದಲೇ ನಾಲ್ಕನ್ನು ಮೂರು ಮಾಡಿ, ಮೂರನ್ನು ಎರಡು ಮಾಡಿ. ಬೀಡಿ, ಸಿಗರೇಟು ಸೇದುವವರಿಗೂ ಇದೇ ಮಾತು. ರಾತ್ರಿ ಒಂದು ಗಂಟೆ ಬೇಗ ಮಲಗುವುದನ್ನು ರೂಢಿ ಮಾಡಿಕೊಳ್ಳಿ.

ಹಳೆಯ ಬಾಕಿ ತೀರಿಸುವುದಕ್ಕೂ ಇದೇ ಸಮಯ. ಮುಟ್ಟಿನ ದಿನಗಳಲ್ಲಿ ಹೆಂಗಸರು ರೋಜಾ ಇರುವಂತಿಲ್ಲ, ಆ ದಿನಗಳನ್ನು ಎಣಿಸಿಟ್ಟು ಆಮೇಲೆ ತೀರಿಸಬೇಕು. ಇದಕ್ಕೆ ಖಜಾ ಅನ್ನುತ್ತೇವೆ. ಹೋದ ವರ್ಷದ್ದು ಉಳಿದಿದ್ದರೆ ಈಗಲೇ ಮುಗಿಸಿ. ದೇಹಕ್ಕೂ ಅಭ್ಯಾಸವಾಗುತ್ತದೆ.

ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವವರು ಒಂದೂವರೆ ತಿಂಗಳು ಮೊದಲೇ ಡಾಕ್ಟರನ್ನು ಕಾಣಬೇಕು. ಇನ್ನೂ ಕಂಡಿಲ್ಲದಿದ್ದರೆ ಈಗಲೇ ಹೋಗಿ. ಮಾತ್ರೆಯ ಹೊತ್ತು, ಇನ್ಸುಲಿನ್ ಪ್ರಮಾಣ ಎಲ್ಲವೂ ಬದಲಾಗಬೇಕಾಗುತ್ತದೆ. ಅದನ್ನು ನೀವೇ ತೀರ್ಮಾನ ಮಾಡಬೇಡಿ. ಬೆರಳು ಚುಚ್ಚಿ ಶುಗರ್ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ. 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ತಕ್ಷಣ ರೋಜಾ ಬಿಡಿ ಎನ್ನುವುದು ವೈದ್ಯರ ಮಾತು. ಮನೆಯ ಹಿರಿಯರು "ಇನ್ನೇನು ಅರ್ಧ ಗಂಟೆ ತಾನೇ" ಅಂತ ತಡೆದುಕೊಂಡು ಕೂರುತ್ತಾರಲ್ಲ, ಅವರಿಗೆ ಇದನ್ನು ಪ್ರೀತಿಯಿಂದ, ಆದರೆ ಗಟ್ಟಿಯಾಗಿ ಹೇಳಿ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ. ವಾಸಿಯಾಗುವ ಭರವಸೆಯೇ ಇಲ್ಲದ ಕಾಯಿಲೆಯವರು, ತೀರಾ ವಯಸ್ಸಾದವರು ಒಂದೊಂದು ರೋಜಾಗೆ ಒಬ್ಬ ಬಡವರಂತೆ ಊಟ ಕೊಟ್ಟರೆ ಸಾಕು. ಅದಕ್ಕೆ ಫಿದಿಯಾ ಎನ್ನುತ್ತಾರೆ.

ಇನ್ನು ಅಡುಗೆಮನೆ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಅರೆದು, ಸ್ವಲ್ಪ ಎಣ್ಣೆ, ಉಪ್ಪು ಕಲಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಈರುಳ್ಳಿ ಹುರಿದಿಡಿ. ಸಮೋಸ ಬೇಕೇ ಬೇಕು ಅನ್ನುವವರು ಒಂದು ಭಾನುವಾರ ಮನೆಮಂದಿಯೆಲ್ಲ ಕೂತು ಮಡಚಿ ಫ್ರೀಜರ್‌ಗೆ ಹಾಕಿಬಿಡಿ. ಗಂಡಸರು, ಗಂಡುಮಕ್ಕಳು ಆ ಕೂಟದಲ್ಲಿ ಇರಲೇಬೇಕು. ರೋಜಾ ಎಲ್ಲರಿಗೂ ಇರುವಾಗ ಒಲೆ ಒಬ್ಬರಿಗೇ ಯಾಕೆ?

ನಿಮ್ಮೂರಿನ ಸಮಯಪಟ್ಟಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಾನು ಪೆಟ್ಟು ತಿಂದ ವಿಷಯ. ಕೆಲಸಕ್ಕೆಂದು ಮಂಗಳೂರಿಗೆ ಹೋದ ಮೊದಲ ವರ್ಷ, ಬೆಂಗಳೂರಿನಿಂದ ತಂದ, ರೋಜಾ ಹಿಡಿಯುವ ಮತ್ತು ಬಿಡುವ ಹೊತ್ತಿನ ಸಮಯಪಟ್ಟಿಯನ್ನು ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದೆ. ಮೊದಲ ಸಂಜೆ ಅದೇ ನೋಡಿ ಖರ್ಜೂರ ಬಾಯಿಗಿಟ್ಟೆ. ನೀರು ಕುಡಿದೆ. ಕಿಟಕಿಯಾಚೆ ನೋಡಿದರೆ ಸೂರ್ಯ ಇನ್ನೂ ತೆಂಗಿನ ಮರಗಳ ಮೇಲೆ ಕೆಂಪಗೆ ಕೂತಿದ್ದ! ಬಿಸಿಲೇ ಮುಗಿದಿರಲಿಲ್ಲ. ಅವತ್ತು ಅತ್ತಿದ್ದು ಇನ್ನೂ ನೆನಪಿದೆ. ಮಂಗಳೂರು ಬೆಂಗಳೂರಿಗಿಂತ ಪಶ್ಚಿಮಕ್ಕಿದೆ, ಅಲ್ಲಿ ಸೂರ್ಯ ಮುಳುಗುವುದು ಸುಮಾರು 11 ನಿಮಿಷ ತಡ. ಆ ರೋಜಾವನ್ನು ಈದ್ ಆದ ಮೇಲೆ ಖಜಾ ಮಾಡಿದೆ. ಆದ್ದರಿಂದ ನಿಮ್ಮ ಮೊಹಲ್ಲಾದ ಮಸೀದಿಯಲ್ಲಿ ಕೊಡುವ ಪಟ್ಟಿಯನ್ನೇ ಇಟ್ಟುಕೊಳ್ಳಿ. ಮೊಬೈಲ್ ಆ್ಯಪ್ ಬಳಸಿದರೆ ಊರಿನ ಹೆಸರು ಸರಿಯಿದೆಯೇ ನೋಡಿ.

ಚಂದ್ರ ಕಾಣುವುದರಲ್ಲೂ ಹೀಗೇ. ಕರಾವಳಿಯವರು ಸಾಮಾನ್ಯವಾಗಿ ಕೇರಳದಲ್ಲಿ ಚಂದ್ರ ಕಂಡಿದ್ದನ್ನು ಒಪ್ಪುತ್ತಾರೆ. 2024ರಲ್ಲಿ ಮಂಗಳೂರಿನಲ್ಲಿ ಏಪ್ರಿಲ್ 10ಕ್ಕೆ ಈದ್ ಆಯಿತು, ಬೆಂಗಳೂರಿನಲ್ಲಿ 11ಕ್ಕೆ. ನಿಮ್ಮೂರಿನ ಖಾಜಿ (ಧಾರ್ಮಿಕ ಮುಖ್ಯಸ್ಥರು), ಚಂದ್ರ ಕಂಡಿದ್ದನ್ನು ಖಚಿತಪಡಿಸುವ ಚಾಂದ್ ಕಮಿಟಿಯವರು ಹೇಳಿದ್ದನ್ನು ಅನುಸರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ನಂಬಿ ಕೂರಬೇಡಿ.

ಸಹರಿ

ಸಹರಿ, ಅಂದರೆ ನಸುಕಿಗೆ ಮೊದಲಿನ ಊಟ, ತಪ್ಪಿಸಬೇಡಿ. ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ತಿಂದು ಮಲಗಿಬಿಡುವ ಹುಡುಗರೇ, ಈ ಮಾತು ನಿಮಗೇ. ಒಂದು ಮೊಟ್ಟೆ, ಎರಡು ರಾಗಿ ರೊಟ್ಟಿ ಅಥವಾ ಚಪಾತಿ, ಮೊಸರು, ಒಂದು ಬಾಳೆಹಣ್ಣು ಇಷ್ಟಾದರೆ ಮಧ್ಯಾಹ್ನದವರೆಗೆ ಆರಾಮ. ಉಪ್ಪಿನಕಾಯಿ, ಹಪ್ಪಳ ಪಕ್ಕಕ್ಕಿಡಿ, ಬಾಯಾರಿಕೆ ಜಾಸ್ತಿಯಾಗುತ್ತದೆ. ನೀರನ್ನು ಕೊನೆಯ ಐದು ನಿಮಿಷದಲ್ಲಿ ಗಟಗಟ ಕುಡಿದರೆ ಪ್ರಯೋಜನವಿಲ್ಲ. ಇಫ್ತಾರ್‌ನಿಂದ, ಅಂದರೆ ಸಂಜೆ ರೋಜಾ ಬಿಡುವ ಹೊತ್ತಿನಿಂದ, ಸಹರಿಯವರೆಗೆ ಆಗಾಗ ಒಂದೊಂದು ಲೋಟ ಕುಡಿಯುತ್ತಿರಿ.

ಅಜಾನ್ ಮುಗಿಯುವವರೆಗೂ ತಿನ್ನಬಹುದು ಅಂತ ಹಲವರು ಅಂದುಕೊಂಡಿದ್ದಾರೆ. ಅಜಾನ್ ಕೂಗುವುದೇ ಫಜ್ರ್ ಹೊತ್ತು ಶುರುವಾದ ಮೇಲೆ. ಪಟ್ಟಿಯಲ್ಲಿರುವ ಸಮಯಕ್ಕೆ ನಾಲ್ಕೈದು ನಿಮಿಷ ಮೊದಲೇ ಕೈ ತೊಳೆದುಬಿಡಿ. ಮನಸ್ಸಿನಲ್ಲಿ ನಿಯ್ಯತ್ (ರೋಜಾ ಇರುವ ಸಂಕಲ್ಪ) ಮಾಡಿಕೊಂಡರೆ ಆಯಿತು.

ಹಗಲಲ್ಲಿ ಮರೆತು ನೀರು ಕುಡಿದರೆ ಗಾಬರಿ ಬೇಡ. ನೆನಪಾದ ಕೂಡಲೇ ನಿಲ್ಲಿಸಿ, ರೋಜಾ ಮುಂದುವರಿಸಿ. ಸುಳ್ಳು, ಚಾಡಿ, ಜಗಳದಿಂದ ದೂರ ಇರುವುದೂ ರೋಜಾದ ಭಾಗವೇ. ಆಫೀಸಿನಲ್ಲಿ ಗೆಳೆಯರು ಎದುರು ತಿನ್ನಲು ಮುಜುಗರ ಪಡುತ್ತಾರೆ. ಅವರಿಗೆ ಆರಾಮಾಗಿ ಊಟ ಮಾಡಲು ಹೇಳಿ. ನಮಗೆ ನಿಜವಾಗಿ ಸಹಾಯ ಆಗುವುದು ಸಂಜೆ ಆರಕ್ಕೆ ಮೀಟಿಂಗ್ ಇಡದಿದ್ದರೆ.

ಇಫ್ತಾರ್‌ಗೆ ಒಂದು ಗಂಜಿ

ಖರ್ಜೂರ, ನೀರು, ಒಂದು ಹಣ್ಣು. ಆಮೇಲೆ ಗಂಜಿ. ನನ್ನನ್ನು ಕೇಳಿದರೆ ಇಷ್ಟೇ ಸಾಕು.

ಒಂದು ಲೋಟ ಅಕ್ಕಿ ನುಚ್ಚು, ಒಂದು ಹಿಡಿ ಹೆಸರುಬೇಳೆ, ಒಂದು ಚಿಕ್ಕ ಚಮಚ ಮೆಂತ್ಯ ತೊಳೆದು ಅರ್ಧ ಗಂಟೆ ನೆನೆಸಿ. ಕುಕ್ಕರ್‌ನಲ್ಲಿ ಎಣ್ಣೆ ಕಾಯಿಸಿ ಚಕ್ಕೆ, ಲವಂಗ, ಈರುಳ್ಳಿ ಹಾಕಿ. ಶುಂಠಿ-ಬೆಳ್ಳುಳ್ಳಿ ಪೇಸ್ಟಿನ ಹಸಿ ವಾಸನೆ ಹೋದ ಮೇಲೆ ಟೊಮೆಟೊ, ಪುದೀನ, ಕೊತ್ತಂಬರಿ, ಎರಡು ಹಸಿಮೆಣಸು. ಬೇಕಿದ್ದರೆ ಒಂದು ಹಿಡಿ ಕೈಮಾ. ನೆನೆಸಿದ್ದನ್ನು ಸುರಿದು ಏಳು ಲೋಟ ನೀರು, ಉಪ್ಪು ಹಾಕಿ ನಾಲ್ಕು ವಿಶಲ್ ಕೂಗಿಸಿ. ಮುಚ್ಚಳ ತೆಗೆದು ಸೌಟಿನ ಬೆನ್ನಿನಿಂದ ಮಸೆಯಿರಿ. ಒಲೆ ಸಣ್ಣ ಮಾಡಿ ಒಂದು ಲೋಟ ತೆಂಗಿನಹಾಲು ಸೇರಿಸಿ, ಕುದಿ ಬರುವ ಮೊದಲೇ ಇಳಿಸಿ. ಕುದಿಸಿದರೆ ಹಾಲು ಒಡೆಯುತ್ತದೆ. ಬೋಗುಣಿಯಲ್ಲಿ ಬಿಸಿಯಾಗಿ ಕುಡಿದರೆ ಇಡೀ ದಿನದ ದಣಿವು ಇಳಿಯುತ್ತದೆ. ಇದಕ್ಕೆ ಬೇಕಾದ ಕೈಕೆಲಸ ಇಪ್ಪತ್ತೇ ನಿಮಿಷ.

ಬೆಂಗಳೂರಿನ ಫ್ರೇಜರ್ ಟೌನ್‌ನ ಮಾಸ್ಕ್ ರೋಡ್‌ಗೆ ಹೋಗಿ ಹಲೀಮ್, ಕಬಾಬ್ ತಿನ್ನುವುದು ತಿಂಗಳಲ್ಲಿ ಒಂದೆರಡು ಸಲ ಚೆನ್ನ. ದಿನಾ ಹೋದರೆ ತರಾವೀಹ್ ತಪ್ಪುತ್ತದೆ. ತರಾವೀಹ್ ಎಂದರೆ ರಾತ್ರಿಯ ಇಶಾ ನಮಾಜು ಆದ ಮೇಲೆ ರಂಜಾನ್‌ನಲ್ಲಿ ಮಾಡುವ ನಮಾಜು. ಹೆಚ್ಚಿನ ಮಸೀದಿಗಳಲ್ಲಿ 20 ರಕಾತ್ (ನಮಾಜಿನ ಸುತ್ತು), ಕೆಲವು ಕಡೆ 8. ಮನೆಯಲ್ಲಿ ಕುರಾನ್ ಓದಿ ಮುಗಿಸಬೇಕು ಎನ್ನುವವರಿಗೆ ದಿನಕ್ಕೊಂದು ಪಾರಾ, ಅಂದರೆ ಕುರಾನ್‌ನ ಮೂವತ್ತು ಭಾಗಗಳಲ್ಲಿ ಒಂದು. 30 ದಿನಕ್ಕೆ 30. ಒಂದೇ ಸಲಕ್ಕೆ ಆಗದಿದ್ದರೆ ಐದು ನಮಾಜಿನ ಜೊತೆ ನಾಲ್ಕು ನಾಲ್ಕು ಪುಟ ಓದಿ.

ಕೊನೆಯ ಹತ್ತು ದಿನ

ಕುರಾನ್ ಇಳಿದ ರಾತ್ರಿ ಎಂದು ನಾವು ನಂಬುವ ಶಬೇ ಖದ್ರ್ ಅನ್ನು ಕೊನೆಯ ಹತ್ತರ ಬೆಸ ರಾತ್ರಿಗಳಲ್ಲಿ ಹುಡುಕಬೇಕು. 27ನೆಯದಕ್ಕೆ ಮಸೀದಿಗಳು ತುಂಬುತ್ತವೆ. ಆದರೆ 21, 23, 25, 29 ಕೂಡ ಇವೆ ಅಲ್ವಾ? ಈದ್ ಬಟ್ಟೆಯನ್ನು ರಂಜಾನ್‌ಗೆ ಮೊದಲೇ ಹೊಲಿಸಿಬಿಟ್ಟರೆ ಈ ರಾತ್ರಿಗಳು ಅಂಗಡಿಬೀದಿಯಲ್ಲಿ ಕಳೆಯುವುದಿಲ್ಲ.

ಜಕಾತ್, ಅಂದರೆ ಉಳ್ಳವರು ಕೊಡಲೇಬೇಕಾದ ದಾನ, ಅದರ ಲೆಕ್ಕವನ್ನು ರಂಜಾನ್‌ನ ಮೊದಲ ವಾರವೇ ಹಾಕಿ. ಒಂದು ವರ್ಷ ಕೈಯಲ್ಲಿ ಉಳಿದ ಹಣ, ಬಂಗಾರ, ವ್ಯಾಪಾರದ ಸರಕು ಸೇರಿಸಿ, ತೀರಿಸಬೇಕಾದ ಸಾಲ ಕಳೆದು, ಉಳಿದದ್ದಕ್ಕೆ ಶೇ. 2.5. ಅಂದರೆ ಲಕ್ಷಕ್ಕೆ 2,500 ರೂಪಾಯಿ. ಧರಿಸುವ ಒಡವೆಯ ಲೆಕ್ಕ ಹನಫಿ ಪಂಥದವರಲ್ಲಿ ಒಂದು ಥರ, ಕರಾವಳಿಯ ಶಾಫಿ ಪಂಥದವರಲ್ಲಿ ಇನ್ನೊಂದು ಥರ. ನಿಮ್ಮ ಮಸೀದಿಯ ಮೌಲಾನರನ್ನು ಕೇಳಿ.

ಫಿತ್ರಾ ಬೇರೆ. ಅದು ಮನೆಯ ಒಬ್ಬೊಬ್ಬರ ಹೆಸರಲ್ಲಿ, ಹಾಲು ಕುಡಿಯುವ ಮಗುವಿನ ಹೆಸರಲ್ಲೂ ಕೊಡುವ ಧಾನ್ಯ ಅಥವಾ ಅದರ ಬೆಲೆ. ಈದ್ ನಮಾಜಿಗೆ ಮೊದಲೇ ತಲುಪಬೇಕು. ಈದ್ ಬೆಳಿಗ್ಗೆ ಕೊಟ್ಟರೂ ಆಗುತ್ತದೆ. ಆದರೆ ತೆಗೆದುಕೊಳ್ಳುವ ಮನೆಯಲ್ಲಿ ಅಷ್ಟು ಹೊತ್ತಿಗೆ ಶಾವಿಗೆ, ಹಾಲು ತರಲು ಪುರುಸೊತ್ತು ಎಲ್ಲಿರುತ್ತದೆ? ನಮ್ಮಮ್ಮ 27ನೇ ರೋಜಾದ ದಿನವೇ ಅಕ್ಕಿ ಅಳೆದು, ಒಬ್ಬೊಬ್ಬರದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು. ಕತ್ತಲಾದ ಮೇಲೆ ನಮ್ಮ ಕೈಯಲ್ಲಿ ಕಳಿಸಿ, "ಬಾಗಿಲಲ್ಲಿ ನಿಲ್ಲಬೇಡಿ, ಕೊಟ್ಟು ಬಂದುಬಿಡಿ" ಅನ್ನುತ್ತಿದ್ದರು.