ಮಾನಸಿಕ ಕಾಯಿಲೆಗೆ ‘ಶೇ 40ಕ್ಕಿಂತ ಕಡಿಮೆ’ ಬಂದರೆ: ಮೇಲ್ಮನವಿಯಿಂದ ಹೈಕೋರ್ಟ್‌ವರೆಗೆ

ಮಾನಸಿಕ ಕಾಯಿಲೆ ಇರುವವರ ಅಂಗವಿಕಲ ಮಾಸಾಶನದ ಅರ್ಜಿ ತಿರಸ್ಕಾರವಾದರೆ ಮೊದಲು ಕಾರಣ ಓದಿ. ಆದಾಯ, ವಾಸಸ್ಥಳದ ತಕರಾರಾದರೆ ಅದು ಕಂದಾಯ ಇಲಾಖೆಯ ವಿಷಯ. ಅಂಗವೈಕಲ್ಯ ಸಾಲದು, ಅಂದರೆ ಬೇಕಾದ ಶೇ 40ಕ್ಕಿಂತ ಕಡಿಮೆ ಎಂದಿದ್ದರೆ ತಹಶೀಲ್ದಾರರ ಬಳಿ ವಾದಿಸಿ ಫಲವಿಲ್ಲ. ಪ್ರಶ್ನಿಸಬೇಕಾದ್ದು ಆಸ್ಪತ್ರೆಯ ಪ್ರಮಾಣಪತ್ರವನ್ನು.

ಮಾನಸಿಕ ಕಾಯಿಲೆಯನ್ನು ಅಳೆಯುವುದು ‘ಐಡಿಯಾಸ್’ ಮಾಪನದಿಂದ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೆ ತಲಾ 0ರಿಂದ 4 ಅಂಕ; ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಇದಕ್ಕೆ ಕಾಯಿಲೆಯ ಅವಧಿಯ ಅಂಕ ಸೇರುತ್ತದೆ: 2 ವರ್ಷದೊಳಗಾದರೆ 1, 2ರಿಂದ 5 ವರ್ಷಕ್ಕೆ 2, 6ರಿಂದ 10ಕ್ಕೆ 3, ಅದಕ್ಕೂ ಹೆಚ್ಚಾದರೆ 4. ಒಟ್ಟು 7 ಬಂದರೆ ಶೇ 40ರ ಗೆರೆ ದಾಟಿದಂತೆ. ನಾಲ್ಕೂ ವಿಭಾಗ ಸೇರಿ 4 ಅಂಕ ಬಂದವರಿಗೆ ಕಾಯಿಲೆ ಐದೇ ವರ್ಷದ್ದು ಎಂದು ದಾಖಲಾದರೆ ಒಟ್ಟು 6. ಎಂಟು ವರ್ಷದ್ದೆಂದು ತೋರಿಸುವ ಹಳೇ ಆಸ್ಪತ್ರೆ ಚೀಟಿ ಇದ್ದರೆ 7. ಒಂದು ಚೀಟಿಯಿಂದ ಹಕ್ಕು ಬರುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಆದ್ದರಿಂದ ಅಂಕಪಟ್ಟಿಯ ನಕಲು ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಚಿಕಿತ್ಸೆಯ ಕಡತ ನೋಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ.

ಮನೆಯವರ ಉತ್ತರದಿಂದಲೂ ಅಂಕ ತಪ್ಪುತ್ತದೆ. ‘ಸ್ನಾನ ಮಾಡ್ತಾನಾ?’ ಎಂದರೆ ‘ಮಾಡ್ತಾನೆ’ ಎಂದುಬಿಡುತ್ತಾರೆ. ನಾಲ್ಕು ಸಲ ಹೇಳಿ, ನೀರು ತೋಡಿಕೊಟ್ಟ ಮೇಲೆ ಮಾಡುತ್ತಾನೆ ಎಂಬುದು ಕಾಗದಕ್ಕೆ ಬರುವುದೇ ಇಲ್ಲ.

ಪ್ರಮಾಣಪತ್ರದ ವಿರುದ್ಧ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ ಅಡಿ, ತೀರ್ಮಾನದ ದಿನದಿಂದ 90 ದಿನದೊಳಗೆ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಪ್ರಮಾಣಪತ್ರ ಅಥವಾ ತಿರಸ್ಕಾರ ಪತ್ರದ ಪ್ರತಿ ಲಗತ್ತಿಸಿ, ಯಾವ ವಿಭಾಗದ ಅಂಕ ಏಕೆ ತಪ್ಪು ಎಂದು ಬಿಡಿಸಿ ಬರೆಯಿರಿ. ‘ಅನ್ಯಾಯವಾಗಿದೆ’ ಎಂದಷ್ಟೇ ಬರೆದ ಅರ್ಜಿ ನಿಲ್ಲುವುದಿಲ್ಲ. ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ.

ಅಲ್ಲೂ ಸೋತರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ, ಅಂದರೆ ಅಧಿಕಾರಿಗಳ ಆದೇಶವನ್ನು ಪ್ರಶ್ನಿಸುವ ಅರ್ಜಿ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೆರಡೂ ಬರುವುದು ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ, ಧಾರವಾಡಕ್ಕಲ್ಲ. ಮೇಲ್ಮನವಿ ಸಲ್ಲಿಸದೆ ನೇರ ಹೋದರೆ ‘ಮೊದಲು ಅಲ್ಲಿಗೆ ಹೋಗಿ’ ಎಂದು ಕಳಿಸುವುದೇ ಹೆಚ್ಚು. ರಿಟ್‌ಗೆ ಇಂತಿಷ್ಟೇ ದಿನ ಎಂಬ ಗಡುವಿಲ್ಲ, ಆದರೆ ವಿವರಣೆಯಿಲ್ಲದ ವಿಳಂಬ ಪ್ರಕರಣವನ್ನು ಕೆಡಿಸುತ್ತದೆ.

ನ್ಯಾಯಾಧೀಶರು ಕಾಯಿಲೆಯನ್ನು ತಾವೇ ಅಳೆಯುವುದಿಲ್ಲ. ಮಾರ್ಗಸೂಚಿ ಪಾಲಿಸಿದರೇ, ದಾಖಲೆ ನೋಡಿದರೇ, ಆದೇಶದಲ್ಲಿ ಕಾರಣ ಇದೆಯೇ, ಅಹವಾಲು ಕೇಳಿದರೇ ಎಂಬುದನ್ನು ಪರಿಶೀಲಿಸುತ್ತಾರೆ. ಹಾಗಾಗಿ ‘ಕಾಯಿಲೆ ಜಾಸ್ತಿ ಇದೆ’ ಎಂಬ ವಾದಕ್ಕಿಂತ ‘ಎಂಟು ವರ್ಷದ ಚಿಕಿತ್ಸೆಯ ದಾಖಲೆಯನ್ನು ವೈದ್ಯಕೀಯ ಮಂಡಳಿ ಪರಿಗಣಿಸಿಲ್ಲ’ ಎಂಬ ವಾದಕ್ಕೆ ಬಲ ಹೆಚ್ಚು. ಗೆದ್ದರೂ ಸಾಮಾನ್ಯವಾಗಿ ಸಿಗುವುದು ಮರುಪರೀಕ್ಷೆಯ ಆದೇಶ, ನೇರ ಮಾಸಾಶನವಲ್ಲ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಅಂಗವಿಕಲರಿಗೆ ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಮರುಪರೀಕ್ಷೆಗೆ ಹೋಗುವಾಗ ಕಾಯಿಲೆ ಎದ್ದು ಕಾಣಲೆಂದು ಮಾತ್ರೆ ನಿಲ್ಲಿಸಲೇಬೇಡಿ, ಅಪಾಯ ರೋಗಿಗೇ. ಮಾತ್ರೆ ನಡೆಯುತ್ತಿರಲಿ, ದಿನವೂ ಜೊತೆಗಿರುವವರೊಬ್ಬರು ಮೊದಲ ಚೀಟಿಯಿಂದ ಹಿಡಿದು ಎಲ್ಲ ಕಾಗದವನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಲಿ.