ನಾಲ್ಕು ರಿಪೋರ್ಟ್‌ಗಳಲ್ಲೂ ಕಡಿಮೆ ಇದ್ದ ಎಎಲ್‌ಪಿ

ಪಾದದ ಮೂಳೆ ಬಿರುಕು ಬಿಟ್ಟು ಏಳು ತಿಂಗಳಾದರೂ ಕೂಡಿಕೊಂಡಿರಲಿಲ್ಲ. ನನ್ನ ಹತ್ತಿರ ಬಂದಾಗ ಆ ಮಹಿಳೆಗೆ 46 ವರ್ಷ. ಮೂಳೆ ಸವೆತ ಇರಬೇಕು ಅಂತ ಬಿಸ್ಫಾಸ್ಫೊನೇಟ್ ಮಾತ್ರೆ ಬರೆದುಕೊಟ್ಟಾಗಿತ್ತು. ಪುಣ್ಯಕ್ಕೆ ಅವರು ಇನ್ನೂ ಶುರು ಮಾಡಿರಲಿಲ್ಲ.

ಅವರ ಹಳೇ ರಕ್ತಪರೀಕ್ಷೆಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಆರು ವರ್ಷಗಳಲ್ಲಿ ಎಎಲ್‌ಪಿ, ಅಂದರೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ, ನಾಲ್ಕು ಸಲ ನೋಡಿದ್ದರು: 19, 22, 18, 21. ಆ ಲ್ಯಾಬ್‌ನ ಕೆಳಮಿತಿ 40. ಒಬ್ಬರೂ ಅದರ ಕೆಳಗೆ ಗೆರೆ ಎಳೆದಿರಲಿಲ್ಲ. ಎಎಲ್‌ಪಿ ಜಾಸ್ತಿ ಆದರೆ ಲಿವರ್, ಮೂಳೆ ಅಂತ ಓಡಾಡುತ್ತೇವೆ. ಕಡಿಮೆ ಇದ್ದರೆ ಒಳ್ಳೆಯದೇ ಅಂದುಕೊಂಡು ಪುಟ ತಿರುಗಿಸುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ಅದರಲ್ಲಿ ಎಷ್ಟು ಜನರನ್ನು ಗುರುತಿಸದೆ ಕಳಿಸಿದೆನೋ ಅನ್ನುವ ನೋವು ಈಗಲೂ ಇದೆ.

ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾದರೆ ಎಎಲ್‌ಪಿ ಸಾಮಾನ್ಯವಾಗಿ ಏರುತ್ತದೆ. ಮುರಿದ ಮೂಳೆ ಕೂಡಿಕೊಳ್ಳುವಾಗಲೂ ಏರಬಹುದು. ಇಲ್ಲಿ ಏರಬೇಕಾದದ್ದು ನೆಲ ಕಚ್ಚಿತ್ತು. ನನಗೆ ಹೈಪೋಫಾಸ್ಫಟೇಸಿಯಾ ನೆನಪಾಯಿತು, ಅಂದರೆ ಜೀನ್ ದೋಷದಿಂದ ಎಎಲ್‌ಪಿ ದುರ್ಬಲವಾಗಿ ಮೂಳೆ, ಹಲ್ಲು ಕೆಡುವ ಕಾಯಿಲೆ.

ಆದರೆ ಅವಸರಪಡಲಿಲ್ಲ. ಮೊದಲ ಅನುಮಾನ ಟ್ಯೂಬ್ ಮೇಲೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ಟ್ಯೂಬಿನ ರಕ್ತ ಬೆರೆತರೆ ಎಎಲ್‌ಪಿ ಸುಳ್ಳಾಗಿ ಕುಸಿಯುತ್ತದೆ. ಜೊತೆಗೆ ಕ್ಯಾಲ್ಸಿಯಂ ಇಳಿದು ಪೊಟ್ಯಾಸಿಯಂ ಏರಿರುತ್ತದೆ. ಇವರಲ್ಲಿ ಅವೆರಡೂ ಸರಿಯಾಗಿದ್ದವು. ಥೈರಾಯ್ಡ್, ಜಿಂಕ್, ಮೆಗ್ನೀಸಿಯಂ, ಬಿ12, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಎಲ್ಲಾ ನೋಡಿದೆ. ಯಾವುದರಲ್ಲೂ ಕಾರಣ ಸಿಗಲಿಲ್ಲ.

ಆಮೇಲೆ ರಕ್ತದಲ್ಲಿ ಬಿ6, ಅಂದರೆ ಪೈರಿಡಾಕ್ಸಲ್ ಫಾಸ್ಫೇಟ್. ಎಎಲ್‌ಪಿ ಒಡೆಯಬೇಕಾದ ವಸ್ತುಗಳಲ್ಲಿ ಇದೂ ಒಂದು. ಕಿಣ್ವ ದುರ್ಬಲವಾದರೆ ಇದು ರಕ್ತದಲ್ಲೇ ಉಳಿದು ಹೆಚ್ಚುತ್ತದೆ. ಅವರು ದಿನಾ ಬಿ ಕಾಂಪ್ಲೆಕ್ಸ್ ನುಂಗುತ್ತಿದ್ದರು. ಅದನ್ನು ಕೇಳದೇ ಪರೀಕ್ಷೆ ಮಾಡಿಸಿದ್ದರೆ ಫಲಿತಾಂಶಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎರಡು ವಾರ ನಿಲ್ಲಿಸಿ, ಬೆಳಕು ತಾಗದಂತೆ ಸ್ಯಾಂಪಲ್ ಸುತ್ತಿ ಕಳಿಸಿದೆ. ಮೇಲ್ಮಿತಿಯ ಐದು ಪಟ್ಟು ಬಂತು.

ಅಂದು ಅವರನ್ನು ಒಂದೇ ಪ್ರಶ್ನೆ ಕೇಳಿದೆ. "ಹಾಲುಹಲ್ಲು ಯಾವಾಗ ಬಿದ್ದವು?" ಅವರು ಅಲ್ಲೇ ಅಮ್ಮನಿಗೆ ಫೋನ್ ಮಾಡಿದರು. "ಮೂರು ತುಂಬೋ ಮೊದಲೇ ಮುಂದಿನ ಎರಡು ಬಿದ್ದೋದ್ವು, ಬೇರು ಸಮೇತ" ಅಂದರು ಅಮ್ಮ. ಸಾಮಾನ್ಯವಾಗಿ ಹಾಲುಹಲ್ಲಿನ ಬೇರು ಕರಗಿದ ಮೇಲೆ ಅದು ಬೀಳುತ್ತದೆ. ಐದು ವರ್ಷದ ಒಳಗೆ ಬೇರಿನೊಂದಿಗೇ ಬಿದ್ದರೆ ಅದು ದೊಡ್ಡ ಸುಳಿವು. ಈ ಕಿಣ್ವವನ್ನು ತಯಾರಿಸುವ ಎಎಲ್‌ಪಿಎಲ್ ಜೀನ್ ಪರೀಕ್ಷೆಯಲ್ಲಿ, ಅದರ ಎರಡು ಪ್ರತಿಗಳ ಪೈಕಿ ಒಂದರಲ್ಲಿ ದೋಷ ಕಂಡಿತು.

ಬಿಸ್ಫಾಸ್ಫೊನೇಟ್ ಚೀಟಿ ಹರಿದು ಹಾಕಿಸಿದೆ. ಈ ಕಾಯಿಲೆಯಲ್ಲಿ ಎಎಲ್‌ಪಿ ಒಡೆಯಬೇಕಾದ ಇನ್ನೊಂದು ವಸ್ತು ಪೈರೋಫಾಸ್ಫೇಟ್ ಒಡೆಯದೆ ಶೇಖರವಾಗಿ, ಮೂಳೆಗೆ ಖನಿಜ ಕೂರದಂತೆ ತಡೆಯುತ್ತದೆ. ಬಿಸ್ಫಾಸ್ಫೊನೇಟ್‌ನ ರಚನೆಯೂ ಅದರಂತೆಯೇ ಇದೆ. ಕೊಟ್ಟರೆ ತೊಡೆಮೂಳೆ ಮುರಿಯುವ ಭಯ ಹೆಚ್ಚು. 2015ರಲ್ಲಿ ಒಪ್ಪಿಗೆ ಪಡೆದ ಅಸ್ಫೋಟೇಸ್ ಆಲ್ಫಾ ಎಂಬ ಕಿಣ್ವದ ಇಂಜೆಕ್ಷನ್ ಇದೆ, ಆದರೆ ಎಲ್ಲ ವಯಸ್ಕರಿಗೂ ಬೇಕಾಗುವುದಿಲ್ಲ. ಇವರ ತೊಡೆಯ ಎಕ್ಸ್‌ರೇ ತೆಗೆಸಿದೆ, ಸದ್ಯ ಬಿರುಕಿಲ್ಲ.

ಹೊರಡುವಾಗ ಅವರು ಬಾಗಿಲ ಹತ್ತಿರ ನಿಂತರು. "ಡಾಕ್ಟ್ರೇ, ನನ್ನ ಮಗಳಿಗೂ ಹಲ್ಲು ಬೇಗ ಬಿದ್ದಿತ್ತು." ಮುಂದಿನ ವಾರ ಅವಳ ರಕ್ತವನ್ನೂ ತೆಗೆದೆವು.