ಲಾರಿ ಕೆಳಗೆ ಎಣ್ಣೆ: ಗೇರ್‌ಬಾಕ್ಸ್ ಇಳಿಸುವ ಮುಂಚೆ ನಾನು ನೋಡಿದ್ದು

ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ತಳದಿಂದ ಎಣ್ಣೆ ತೊಟ್ಟಿಕ್ಕಿತೆಂದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ಒಂದೇ: ‘ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು.’ ಕ್ರ್ಯಾಂಕ್ ಸೀಲ್ ಎಂದರೆ ಎಂಜಿನ್ನಿನ ತಿರುಗುವ ದಂಡ ಹಿಂದೆ ಹೊರಬರುವಲ್ಲಿ ಎಣ್ಣೆ ತಡೆಯುವ ಬಳೆ. ದಾವಣಗೆರೆಗೆ ಮೆಕ್ಕೆಜೋಳ ಬರುವ ಹಂಗಾಮಿನಲ್ಲಿ ಗಾಡಿಯನ್ನು ಎರಡು ದಿನ ನಿಲ್ಲಿಸಿ, ಹೊಸ ಸೀಲ್ ಹಾಕಿ, ಮರುವಾರ ಅದೇ ಜಾಗದಲ್ಲಿ ಅದೇ ಕಲೆ ನೋಡುವುದು ಯಾರಿಗೂ ಬೇಡ. ಇದು ಆರು ಚಕ್ರದ ಲಾರಿ, ಆರು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್, ಐದು ಗೇರು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗೈಯಗಲದ ಕಲೆ.

ಮೊದಲ ಪ್ರಶ್ನೆ, ಇದು ಯಾವ ಎಣ್ಣೆ? ಬಿಳಿ ಬಟ್ಟೆಗೆ ಒಂದು ಹನಿ ಹಿಡಿದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ಕಾಡಿಗೆಯಂತೆ ಕಪ್ಪು. ಗೇರ್ ಆಯಿಲ್ ಜೇನಿನ ಬಣ್ಣದ್ದು, ಅಂಟು ಹೆಚ್ಚು, ಮೂಗಿಗೆ ಗಂಧಕದ ನಾತ ಹೊಡೆಯುತ್ತದೆ. ಕ್ಲಚ್ಚಿನ ಆಯಿಲ್ ನೀರಿನಂತೆ ತೆಳು, ನೀರು ಹಾಕಿ ತಿಕ್ಕಿದರೆ ಹೋಗುತ್ತದೆ, ಬಿದ್ದಲ್ಲಿ ಪೇಂಟ್ ಎಬ್ಬಿಸುತ್ತದೆ. ಡೀಸೆಲ್ ಪಂಪು ಸೋರಿ ಎಂಜಿನ್ ಆಯಿಲಿನ ಜೊತೆ ಬೆರೆತಿದ್ದರೆ ಹನಿ ಕಪ್ಪಾಗಿದ್ದರೂ ತೆಳ್ಳಗಿರುತ್ತದೆ, ವಾಸನೆ ಡೀಸೆಲ್ಲಿನದು. ಇಲ್ಲಿ ಸಿಕ್ಕಿದ್ದು ಕಪ್ಪು, ಗಂಧಕದ ನಾತ ಇಲ್ಲ.

ಆದರೂ ಗೇರ್‌ಬಾಕ್ಸಿನ ಮಟ್ಟ ನೋಡದೆ ಮುಂದೆ ಹೋಗಬಾರದು. ಗಾಡಿ ಸಮತಟ್ಟಿನಲ್ಲಿರಬೇಕು, ಚಕ್ರಗಳಿಗೆ ಕಲ್ಲು ಒಡ್ಡಿರಬೇಕು, ಕೀ ಜೇಬಿನಲ್ಲಿರಬೇಕು. ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚಿದಾಗ ಎಣ್ಣೆ ತೂತಿನ ಅಂಚಿಗೆ ಸಮ ಇದ್ದರೆ ಸರಿ. ಬಿಚ್ಚಿದ ಕೂಡಲೇ ಹೊರಗೆ ಸುರಿದರೆ ಯಾರೋ ಹೆಚ್ಚು ತುಂಬಿದ್ದಾರೆ ಎಂದರ್ಥ. ಬರೀ ಅಷ್ಟಕ್ಕೇ ಗೇರ್‌ಬಾಕ್ಸಿನ ಮುಂದಿನ ಸೀಲಿನಿಂದ ಎಣ್ಣೆ ಬರಬಹುದು. ಗೇರ್‌ಬಾಕ್ಸ್ ಮೇಲಿನ ಬ್ರೀದರನ್ನೂ (ಒಳಗಿನ ಗಾಳಿ ಹೊರಹೋಗುವ ಸಣ್ಣ ಮುಚ್ಚಳ) ಕೈಯಲ್ಲಿ ತಿರುಗಿಸಿ ನೋಡಬೇಕು. ಚಿತ್ರದುರ್ಗದ ಗಣಿ ಕಡೆ ಓಡುವ ಗಾಡಿಗಳಲ್ಲಿ ಅದು ಕೆಂಪು ಧೂಳು ಮೆತ್ತಿ ಮುಚ್ಚಿಹೋಗಿರುತ್ತದೆ. ಒಳಗೆ ಎಣ್ಣೆ ಬಿಸಿಯಾದಾಗ ಗಾಳಿಗೆ ದಾರಿ ಇಲ್ಲದೆ ಅದು ಸೀಲಿನ ತುಟಿಯನ್ನು ತಳ್ಳಿಕೊಂಡು ಹೊರಬರುತ್ತದೆ.

ಇನ್ನೊಂದು ಸಣ್ಣ ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಒಂದು ಹನಿ ಸುಮಾರು 0.05 ಮಿ.ಲೀ. ನಿಮಿಷಕ್ಕೊಂದು ಹನಿ ಬಿದ್ದರೆ 24 ಗಂಟೆಗೆ 72 ಮಿ.ಲೀ. ಮಾತ್ರ. ಇಲ್ಲಿ ಸಾವಿರ ಕಿ.ಮೀ.ಗೆ ಎಂಜಿನ್ನಿಗೆ ಮತ್ತೆ ಒಂದು ಲೀಟರ್ ಎಣ್ಣೆ ಹಾಕಬೇಕಾಗುತ್ತಿತ್ತು. ಹೊಗೆಯಲ್ಲಿ ನೀಲಿ ಇರಲಿಲ್ಲ, ಆದ್ದರಿಂದ ಎಣ್ಣೆ ಉರಿದುಹೋಗುತ್ತಿಲ್ಲ. ಅಂದರೆ ನಿಂತಾಗ ಕಾಣುವ ಸೋರಿಕೆ ಬಾಲ ಮಾತ್ರ. ಓಡುವಾಗ, ಒಳಗೆ ಒತ್ತಡ ಇದ್ದಾಗ ಬಹಳಷ್ಟು ಹೋಗುತ್ತಿದೆ.

ಆಮೇಲೆ ತೊಳೆಯುವ ಕೆಲಸ. ಇದರಲ್ಲಿ ಸೋಮಾರಿತನ ಮಾಡಿದವರೇ ತಪ್ಪು ಸೀಲ್ ಬದಲಿಸುವುದು. ಹಳೆಯ ಎಣ್ಣೆಯ ಮೇಲೆ ಧೂಳು ಕೂತ ಎಂಜಿನ್ ನೋಡಿ ಏನೂ ಹೇಳಲಾಗದು. ಎಂಜಿನ್ ತಣ್ಣಗಾದ ಮೇಲೆ ಆಲ್ಟರ್ನೇಟರ್, ಸ್ಟಾರ್ಟರ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಡೀಸೆಲ್ ಮತ್ತು ಬ್ರಶ್ಶಿನಿಂದ ಮಣ್ಣು ಸಡಿಲಿಸಿ, ಸೋಪಿನ ನೀರು ಹಾಕಿ, ಗಾಳಿ ಹಿಡಿದು ಒಣಗಿಸಬೇಕು. ಪೆಟ್ರೋಲ್ ಬೇಡವೇ ಬೇಡ. ಪೂರ್ತಿ ಒಣಗಿದ ಮೇಲೆ ಅನುಮಾನದ ಜೋಡಣೆಗಳ ಮೇಲೆಲ್ಲ ಟಾಲ್ಕಮ್ ಪೌಡರ್ ಎರಚಿದೆ. ಎಣ್ಣೆ ತಾಗಿದಲ್ಲಿ ಪೌಡರ್ ಕಪ್ಪು ಗೆರೆಯಾಗಿ ಕೂರುತ್ತದೆ.

ಹರಿಹರಕ್ಕೆ ಹೋಗಿ ಬರುವಷ್ಟು, ಸುಮಾರು 30 ಕಿ.ಮೀ. ಓಡಿಸಿದರೆ ಸಾಕು. ಹೆಚ್ಚು ಓಡಿಸಿದರೆ ಕೆಳಗಿನ ಗಾಳಿ ಎಣ್ಣೆಯನ್ನು ಹಿಂದಕ್ಕೆಳೆದು ಮತ್ತೆ ಎಲ್ಲೆಡೆ ಬಳಿದುಬಿಡುತ್ತದೆ. ವಾಪಸು ಬಂದು ನೋಡಬೇಕಾದ್ದು ಅತಿ ಹೆಚ್ಚು ಒದ್ದೆಯಾದ ಜಾಗವನ್ನಲ್ಲ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಎಲ್ಲಕ್ಕಿಂತ ಮುಂದಿನದನ್ನು.

ಡ್ರೈವರ್ ಕಡೆ, ಟರ್ಬೊದಿಂದ ಆಯಿಲ್ ವಾಪಸು ಬರುವ ಪೈಪು ಒಣಗಿತ್ತು. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗೂ (ಜೋಡಣೆಯ ನಡುವೆ ಎಣ್ಣೆ ತಡೆಯುವ ಪಟ್ಟಿ) ಒಣಗಿತ್ತು. ಕ್ಲೀನರ್ ಕಡೆ, ಡೀಸೆಲ್ ಪಂಪಿನ ಹಿಂದೆ ಎಂಜಿನ್ ಬ್ಲಾಕಿಗೆ ಅಂಟಿಕೊಂಡಿರುವ ಪುಶ್ ರಾಡ್ ಕವರಿನ (ವಾಲ್ವು ತಳ್ಳುವ ಸರಳುಗಳನ್ನು ಮುಚ್ಚುವ ತಗಡು) ಹಿಂಬದಿಯ ಮೂಲೆಯಲ್ಲಿ ಕಪ್ಪು ಗೆರೆ ಶುರುವಾಗಿತ್ತು. ಅಲ್ಲಿಂದ ಬ್ಲಾಕಿನ ಅಂಚು ಹಿಡಿದು ಹಿಂದಕ್ಕೆ ಹರಿದು, ಫ್ಲೈವೀಲ್ (ಎಂಜಿನ್ನಿನ ಹಿಂದಿನ ಭಾರಿ ಚಕ್ರ) ಹೌಸಿಂಗಿನ ಮೈಮೇಲೆ ಇಳಿದು, ಬೆಲ್ ಹೌಸಿಂಗಿನ ತಳದಲ್ಲಿ ಹನಿಯಾಗುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಅಂತಲೇ ಅನ್ನಿಸುತ್ತದೆ. ಪಂಪು ಅಡ್ಡ ಇರುವುದರಿಂದ ಕಣ್ಣಿಗೆ ಬೀಳದು. ಸಣ್ಣ ಕನ್ನಡಿ, ಟಾರ್ಚು ಬೇಕೇ ಬೇಕು.

ಖಾತ್ರಿಗೆ ಬೆಲ್ ಹೌಸಿಂಗಿನ ಕೆಳಗಿನ ತಗಡು ಬಿಚ್ಚಿ ಒಳಗೂ ನೋಡಿದೆ. ಹಿಂದಿನ ಕ್ರ್ಯಾಂಕ್ ಸೀಲ್ ಸೋರಿದರೆ ಫ್ಲೈವೀಲಿನ ಎಂಜಿನ್ ಕಡೆಯ ಮುಖ ಒದ್ದೆಯಾಗಿ, ಹೌಸಿಂಗಿನ ಗೋಡೆಗೆ ಸುತ್ತಲೂ ಎಣ್ಣೆ ಸಿಡಿದಿರುತ್ತದೆ. ಫ್ಲೈವೀಲ್ ಅಡ್ಡ ಇರುವುದರಿಂದ ಕ್ಲಚ್ ಪ್ಲೇಟ್ ಬಹಳ ದಿನ ಒಣಗಿಯೇ ಇರಬಹುದು. ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಸುತ್ತ ಗೇರ್ ಆಯಿಲ್ ಇರುತ್ತದೆ, ಕ್ಲಚ್ ಬೇಗ ನೆಂದು ಜಾರುತ್ತದೆ, ಗಾಡಿ ಹೊರಡುವಾಗ ನಡುಗುತ್ತದೆ. ಇಲ್ಲಿ ಒಳಗೆ ಬರೀ ಒಣ ಧೂಳು. ಹೊರಗೆ ಒದ್ದೆ, ಒಳಗೆ ಒಣ ಎಂದರೆ ಗೇರ್‌ಬಾಕ್ಸ್ ಇಳಿಸಲು ಕಾರಣವೇ ಇಲ್ಲ.

ಪುಶ್ ರಾಡ್ ಕವರಿನ ಪ್ಯಾಕಿಂಗ್ ಯಾಕೆ ಬಿಟ್ಟಿತು ಎನ್ನುವುದನ್ನೂ ನೋಡದೆ ಹೊಸದು ಹಾಕಿದರೆ ಕೆಲಸ ಅರ್ಧ. ಐಡಲಿನಲ್ಲಿ ಆಯಿಲ್ ತುಂಬುವ ಮುಚ್ಚಳವನ್ನು ಬೋರಲಾಗಿ ಅದೇ ತೂತಿನ ಮೇಲೆ ಸುಮ್ಮನೆ ಇಟ್ಟೆ. ಅದು ಕುಣಿದು ಪಕ್ಕಕ್ಕೆ ಬಿತ್ತು. ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ, ಎಂಜಿನ್ನಿನ ಕೆಳಹೊಟ್ಟೆಯಲ್ಲಿ, ಒತ್ತಡ ಹೆಚ್ಚು. ಒಂದೋ ಪಿಸ್ಟನ್ನಿನ ರಿಂಗು ಸವೆದಿರಬೇಕು, ಇಲ್ಲವೇ ಎಂಜಿನ್ನಿನ ಬ್ರೀದರ್ ಪೈಪು ಕಟ್ಟಿರಬೇಕು. ಪೈಪು ಬಿಚ್ಚಿ ಊದಿದರೆ ಗಾಳಿ ಹೋಗಲಿಲ್ಲ; ಕೆಳತುದಿಯಲ್ಲಿ ಎಣ್ಣೆಯೂ ಧೂಳೂ ಸೇರಿ ಜಿಡ್ಡಿನ ಬಿರಡೆಯಾಗಿತ್ತು. ಡೀಸೆಲ್ಲಿನಲ್ಲಿ ನೆನೆಸಿ ತಂತಿ ಆಡಿಸಿ ತೆಗೆದ ಮೇಲೆ ಮುಚ್ಚಳ ಕೂತಲ್ಲೇ ಕೂತಿತು. ರಿಂಗಿನ ಚಿಂತೆ ಅಲ್ಲಿಗೆ ಮುಗಿಯಿತು.

ಕವರ್ ಹಾಕುವಾಗ ಎರಡೂ ಮುಖಗಳಲ್ಲಿ ಹಳೆಯ ರಬ್ಬರಿನ ಒಂದು ಚೂರೂ ಉಳಿಯಬಾರದು. ಕೆರೆಯುವಾಗ ಚೂರು ಒಳಗೆ ಬೀಳದಂತೆ ಬಟ್ಟೆ ತುರುಕಬೇಕು, ಬಟ್ಟೆ ಎಣಿಸಿ ತೆಗೆಯಬೇಕು. ಕವರ್ ತಗಡಿನದು, ಗಾಜಿನ ಮೇಲಿಟ್ಟು ನೋಡಿ ಬಾಗಿದ್ದರೆ ತಟ್ಟಿ ನೇರ ಮಾಡಬೇಕು. ಬೋಲ್ಟುಗಳ ಸೀಲಿಂಗ್ ವಾಷರ್ ಹೊಸದೇ ಇರಲಿ. ನಡುವಿನಿಂದ ಅಂಚಿಗೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಸೋರೀತು ಅಂತ ಜೋರಾಗಿ ಎಳೆದರೆ ತಗಡು ಬೋಲ್ಟಿನ ಹತ್ತಿರ ಒಳಬಾಗಿ, ಎರಡು ಬೋಲ್ಟುಗಳ ನಡುವೆ ಬಾಯಿ ಬಿಡುತ್ತದೆ, ಸೋರುವುದೇ ಅಲ್ಲಿಂದ.

ಮತ್ತೆ ತೊಳೆದು, ಪೌಡರ್ ಹಾಕಿ, ಅದೇ 30 ಕಿ.ಮೀ. ರಾತ್ರಿ ಬೆಲ್ ಹೌಸಿಂಗ್ ಕೆಳಗೆ ರಟ್ಟು ಹಾಸಿ, ಮುಂದಿನ ಚಕ್ರ ಯಾವ ಕಡೆ ಎಂದು ಅದರ ಮೇಲೆ ಗುರುತು ಹಾಕಿ ಬಿಟ್ಟೆ. ಬೆಳಿಗ್ಗೆ ರಟ್ಟು ಒಣಗಿತ್ತು. ಸಾವಿರ ಕಿ.ಮೀ. ಆದ ಮೇಲೆ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಕಿದ ಗೆರೆಯಲ್ಲೇ ಇತ್ತು. ಈಗ ಪ್ರತಿ ಸಲ ಆಯಿಲ್ ಬದಲಿಸುವಾಗ ಬ್ರೀದರ್ ಪೈಪು ಬಿಚ್ಚಿ ಊದಿ ನೋಡುತ್ತೇನೆ.